ಹಡಗಿನ ಮುತ್ಯಾ ಮತ್ತು ನಾನು ಹೊಲಿದ ಪುಸ್ತಕ

ಸಮುದ್ರವನ್ನು ನಾನು ನೋಡಿದ್ದು ಒಂದೇ ಸಲ. ಅದೂ ಕಾರವಾರದಲ್ಲಿ, ಶಾಲೆಯ ಪ್ರವಾಸಕ್ಕೆ ಕಾವಲುಗಾರನಾಗಿ ಹೋದಾಗ. ದಂಡೆಯ ಮೇಲೆ ನಿಂತು ನಲವತ್ತು ಹುಡುಗರ ತಲೆ ಎಣಿಸುವುದರಲ್ಲೇ ಹೊತ್ತು ಹೋಯಿತು. ಎಣಿಕೆ ತಪ್ಪೀತೆಂಬ ಅಂಜಿಕೆಗೆ ನೀರಿನ ಕಡೆ ತಲೆ ಎತ್ತಲಿಲ್ಲ. ಇಂಥ ನಾನು ಎಪ್ಪತ್ತರ ದಶಕದ ನಡುವೆ, ಸಿಂದಗಿಯ ಬಾಡಿಗೆ ಮನೆಯಲ್ಲಿ ಕೂತು, ಇಂಗ್ಲಿಷರ ಹಳೆಯ ಯುದ್ಧನೌಕೆಗಳ ಜಾತಕವನ್ನು ಬಾಯಿಪಾಠ ಮಾಡಿದ್ದೆ. ಯಾವುದು ಯಾವಾಗ ನೀರಿಗಿಳಿಯಿತು, ಎಲ್ಲೆಲ್ಲಿ ನೌಕರಿ ಮಾಡಿತು, ಯಾವ ಬಂದರಿನಲ್ಲಿ ತುಕ್ಕು ತಿಂದಿತು, ಕೊನೆಗೆ ಮುಳುಗಿತೋ ಗುಜರಿಗೆ ಹೋಯಿತೋ ಎಂದು ಯಾರಾದರೂ ಕೇಳಿದರೆ ತಟ್ಟನೆ ಹೇಳುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ ಎಂಬುದೊಂದೇ ತೊಂದರೆ.

ಪುಸ್ತಕ ಸಿಕ್ಕಿದ್ದು ಇಂಡಿಯಲ್ಲಿ, ನಾನಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರನಾಗಿದ್ದಾಗ. ಕಿರಾಣಿ ಅಂಗಡಿಯವನು ಕಟ್ಟಿಕೊಟ್ಟ ಶೇಂಗಾದ ಪೊಟ್ಟಣ ಬಿಚ್ಚಿದರೆ ಕಾಗದದ ಮೇಲೆ ಒಂದು ಹಡಗು. ಓಡಿಹೋಗಿ ಉಳಿದದ್ದನ್ನೆಲ್ಲ ರದ್ದಿಯ ತೂಕದಲ್ಲಿ ಕೊಂಡುತಂದೆ. ಮುಖಪುಟವಿಲ್ಲ, ಬರೆದವನ ಹೆಸರಿಲ್ಲ, ಹೊಲಿಗೆ ಬಿಟ್ಟ ಬಿಡಿ ಹಾಳೆಗಳು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಚ್ಚಾದದ್ದು ಎಂಬುದಷ್ಟೇ ತಿಳಿಯುತ್ತಿತ್ತು. ಎಷ್ಟು ಹಾಳೆ ಆಗಲೇ ಊರವರ ಶೇಂಗಾ, ಪುಟಾಣಿ ಹೊತ್ತು ಹೋಗಿದ್ದವೋ ದೇವರೇ ಬಲ್ಲ. ಒಂದು ಹುಳ ಬೇರೆ ಮೊದಲ ಹಾಳೆಯ ಕೆಳಮೂಲೆಯಲ್ಲಿ ಹೊಕ್ಕು, ಓರೆಯಾಗಿ ಮೇಲೇರುತ್ತ, ಕೊನೆಯ ಹಾಳೆಯ ನೆತ್ತಿಯಲ್ಲಿ ಹೊರಬಿದ್ದಿತ್ತು. ಆ ಹುಳದ ಮೇಲೆ ನನಗೆ ಬಹಳ ಸಿಟ್ಟಿತ್ತು.

ಟ್ರೇನಿಂಗ್ ಕಾಲೇಜಿನಲ್ಲಿ ರಟ್ಟು ಕಟ್ಟುವುದನ್ನು ಕಲಿತಿದ್ದೆ. ಗೋಧಿಹಿಟ್ಟಿನ ಅಂಟು, ಹುಳ ಬರದಂತೆ ಅದಕ್ಕೊಂದು ಚಿಟಿಕೆ ಮೈಲುತುತ್ತ, ಮೇಣ ಹಚ್ಚಿದ ದಾರ, ಚೀಲ ಹೊಲಿಯುವ ದಬ್ಬಣ. ಅಂಚುಗಳು ಹರಿದಿದ್ದವೆಂದು, ನೋಡಲು ಚೆಂದ ಇರಲೆಂದು, ಮೂರೂ ಕಡೆ ಸಮನಾಗಿ ಕತ್ತರಿಸಿದೆ. ಪುಟಸಂಖ್ಯೆಗಳೂ ಅಂಚಿನ ಜೊತೆ ಹೋದವು ಎಂದು ಹೊಳೆದದ್ದು ಹೆಂಡತಿ ಆ ಚೂರುಗಳನ್ನು ಒಲೆಗೆ ಹಾಕಿದ ಮೇಲೆ. ಆಮೇಲೆ ನನ್ನ ಗಣಿತದ ಮಾಸ್ತರನ ಇಂಗ್ಲಿಷಿನಲ್ಲಿ ಸಾಲು ಓದಿ, ತಿಳಿದಷ್ಟು ತಿಳಿದು, ಹಾಳೆ ಹೊಂದಿಸಿದೆ. ಹಡಗಿನ ಹೆಸರು ಒಂದು ಪುಟದ ತುದಿಯಲ್ಲಿ ಇರುತ್ತಿತ್ತು. ಚಿತ್ರವೂ ಚರಿತ್ರೆಯೂ ಮುಂದಿನ ಹಾಳೆಯಲ್ಲಿ. ಚರಿತ್ರೆಯ ಉದ್ದಕ್ಕೂ ಮತ್ತೆ ಹೆಸರು ಬರುತ್ತಿರಲಿಲ್ಲ, ಬರೀ 'ಅವಳು', 'ಅವಳು'. ಇಂಗ್ಲಿಷರು ಹಡಗನ್ನು ಹೆಂಗಸೆಂದೇ ಕರೆಯುತ್ತಾರೆ. ಯಾವ ಅವಳು ಯಾರ ಮನೆಯವಳು ಎಂದು ಊಹಿಸಿ ಸಂಸಾರ ಜೋಡಿಸಿದೆ. ಎಲ್ಲೂ ಸೇರದ ನಾಲ್ಕೈದು ಅನಾಥ ಹಾಳೆಗಳನ್ನು ಕೊನೆಗೆ ಹೊಲಿದು, ಮತ್ತೆ ಅವುಗಳ ಕಡೆ ನೋಡಲಿಲ್ಲ.

ಪುಸ್ತಕದಲ್ಲಿದ್ದ ಹಡಗುಗಳೆಲ್ಲ ಡ್ರೆಡ್‌ನಾಟ್ ಎಂಬ ಹಡಗಿನ ಹಿಂದಿನ ಕಾಲದವು. ಆ ಹೆಸರಿನ ಅರ್ಥ ಯಾವುದಕ್ಕೂ ಅಂಜದ್ದು ಎಂದು. ಹಳೆಯವುಗಳ ಮೇಲೆ ನಾಲ್ಕು ದೊಡ್ಡ ಫಿರಂಗಿ. ಈ ಹೊಸದು ಹತ್ತು ಫಿರಂಗಿ ಹೊತ್ತು ನೀರಿಗಿಳಿಯಿತು. ನಿನ್ನೆಯತನಕ ಸಮುದ್ರಕ್ಕೇ ಹಿರಿಯರೆನಿಸಿಕೊಂಡವು ಒಂದೇ ದಿನದಲ್ಲಿ ಮುದುಕರಾದವು. ಆಮೇಲೆ ಅವುಗಳದು ಬರೀ ವರ್ಗಾವರ್ಗಿ. ಈ ಬಂದರು ಕಾಯಿ, ಆ ದಂಡು ಕರೆದೊಯ್ಯಿ, ಹುಡುಗರಿಗೆ ತರಬೇತಿ ಕೊಡು. ಎಲ್ಲಿ ಕಳೆದುಕೊಂಡರೂ ಚಿಂತೆಯಿಲ್ಲವೋ ಅಲ್ಲಿಗೆ ಕಳಿಸು. ನನ್ನ ಸರ್ವಿಸ್ ಬುಕ್ಕಿನಲ್ಲೂ ಬಸವನ ಬಾಗೇವಾಡಿ, ಇಂಡಿ, ಸಿಂದಗಿ ಎಂದು ಮೊಹರುಗಳು ಬಿದ್ದಿದ್ದವು. ಮುಂದಿನದು ಮುದ್ದೇಬಿಹಾಳ ಎಂಬ ಸುದ್ದಿ ಗಾಳಿಯಲ್ಲಿತ್ತು. ಹೊಸ ಗಣಿತ ಬಂದು ನಾನು ಕಲಿತದ್ದು ಹಳತಾಗಿತ್ತು. ಅಂಜುವ ವಿಷಯದಲ್ಲಂತೂ ನಾನು ಹುಟ್ಟಾ ಡ್ರೆಡ್‌ನಾಟ್‌ಗಿಂತ ಹಿಂದಿನವನೇ.

ಅವುಗಳಲ್ಲೊಂದರ ಎಂಜಿನು ನೋಡಿಕೊಳ್ಳುವ ದೊಡ್ಡ ಅಧಿಕಾರಿ ಚಿಂತೆಯಿಂದಲೇ ಕಾಯಿಲೆಬಿದ್ದು, ಕೋಣೆ ಬಿಟ್ಟು ಹೊರಬರದೆ, ಎಂಜಿನು ಕೆಟ್ಟಿದೆ ಎಂದು ವರದಿ ಕೊಡುತ್ತಿದ್ದನಂತೆ. ಎಂಜಿನು ಚೆನ್ನಾಗಿಯೇ ಇತ್ತು. ಅವನ ಕಥೆಯನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅಣ್ಣತಮ್ಮಂದಿರಲ್ಲಿ ಸಿಗದ ಹತ್ತಿರದ ಸಂಬಂಧ ಅವನಲ್ಲಿ ಸಿಕ್ಕಿತ್ತು.

ಒಂದು ದಿನ ಶಾಲೆಯ ಡ್ರಿಲ್ ಮಾಸ್ತರು ಹೇಳಿದರು: "ಏ ಸರ, ನಿಮ್ಮ ಹಡಗ ಖರೇನ ನೋಡಿದಾಂವ ಒಬ್ಬಾಂವ ನಮ್ಮ ಊರಾಗ ಅದಾನ್ರಿ. ಹಡಗಿನ ಮುತ್ಯಾ ಅಂತಾರ."

ಅವರ ಊರು ಕನ್ನೊಳ್ಳಿಯಿಂದ ಆಚೆ, ಬಸ್ಸಿಳಿದು ಒಂದು ತಾಸು ನಡೆಯಬೇಕು. ಮುಂದಿನ ರವಿವಾರವೇ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಮುತ್ಯಾ ಚಹಾದ ಅಂಗಡಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಎಂಬತ್ತರ ಹತ್ತಿರದ ಕುರಿಗಾರ ಮುದುಕ. ಹರೆಯದಲ್ಲಿ, ಮೊದಲ ಮಹಾಯುದ್ಧಕ್ಕೆ, ದಂಡಿನ ಹೇಸರಗತ್ತೆ ನೋಡಿಕೊಳ್ಳಲು ಸೇರಿ ಅರಬರ ನಾಡಿನ ಬಸ್ರಾ ಬಂದರಿಗೆ ಹೋಗಿ ಬಂದವನು.

"ನಮ್ಮ ಹಡಗದ ಮುಂದ ಒಂದು ಬೂದಿಬಣ್ಣದ್ದು ಹೊಂಟಿತ್ತು ನೋಡು ತಮ್ಮಾ," ಎಂದ. "ಗೋಳಗುಮ್ಮಟ ಎದ್ದು ನಡದ್ಹಂಗ. ಹೆಸರು ಓಷನ್ ಅಂತ ನಮ್ಮ ಹವಾಲ್ದಾರ ಹೇಳಿದ್ದ. ಹೊಗಿಗೊಳವಿ ಎರಡು. ಒಂದರ ಹಿಂದ ಒಂದು, ಸಂತಿಗೆ ಹೊಂಟ ಗಾಡಿ ಹಂಗ. ಅದರಾಗಿನ ಒಬ್ಬ ಹುಡುಗ, ಮಾರಿ ತುಂಬ ಇದ್ದಲಿ, ನನ್ನ ನೋಡಿ ಹಲ್ಲ ಕಿಸದಿದ್ದ."

ನಾನು ಅಲ್ಲಿಗೇ ಬಿಡಬೇಕಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಯಾರೋ ನನ್ನ ವಿಷಯ ಮಾತಾಡಿದ್ದರು. ಕೈ ತಾನಾಗಿಯೇ ಪುಸ್ತಕ ಬಿಚ್ಚಿತು. ಓಷನ್ ಎಂಬ ಹೆಸರಿನ ಮುಂದಿನ ಹಾಳೆಯಲ್ಲಿ ಚಿತ್ರವಿತ್ತು, ಹೊಗೆಕೊಳವೆಗಳೆರಡೂ ಅಕ್ಕಪಕ್ಕ.

"ಮುತ್ಯಾ, ನಿಮಗ ನೆನಪು ತಪ್ಪೇತ್ರಿ," ಎಂದೆ. "ಕೊಳವಿ ಜೋಡೆತ್ತಿನ್ಹಂಗ ಬಾಜೂಕ ಬಾಜೂ ಅದಾವ. ಮತ್ತ ಆ ವರ್ಷ ಈ ಹಡಗ ಇಂಗ್ಲೆಂಡದ ದಂಡಿ ಕಾಯಾಕತ್ತಿತ್ತು. ಬಸ್ರಾದ ಕಡೆ ಬಂದೇ ಇಲ್ಲ."

ಪುಸ್ತಕ ಕೈಯಿಂದ ಕೈಗೆ ಹೋಯಿತು. ಓದಲು ಬಾರದವರಿಗೂ ಚಿತ್ರ ಕಾಣುತ್ತಿತ್ತು. ಮುಂದೆ ಕೂತಿದ್ದ ದಪ್ಪ ಮೀಸೆಯ ಒಬ್ಬ ತೊಡೆ ತಟ್ಟಿ ನಕ್ಕ: "ಅಯ್ಯ ಮುತ್ಯಾ! ಇಲ್ಲದ ಹಡಗ ತೋರಿಸಿ ಅರವತ್ತು ವರ್ಷ ಊರ ಚಾ ಕುಡದೆಲ್ಲೋ!"

ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ. ಮುತ್ಯಾ ನನ್ನ ಮುಖ ನೋಡಿ, "ಬುಕ್ಕಿನಾಗ ಹಂಗ ಐತೇನು? ಇರಲಿ ಬಿಡಪಾ," ಎಂದು, ಅರ್ಧ ಚಹಾ ಅಲ್ಲೇ ಬಿಟ್ಟು ಎದ್ದು ಹೋದ. ಆ ಅರ್ಧ ಕಪ್ಪು ನನ್ನ ಕಣ್ಣಿಗೆ ಕಟ್ಟಿದಂತಾಯಿತು. ಆದರೂ ನಡೆಯುವಾಗ ಸತ್ಯ ಸತ್ಯವೇ ಎಂದು ನನಗೆ ನಾನೇ ಹೇಳಿಕೊಂಡೆ. ಸತ್ಯವಂತನಿಗೆ ಅಷ್ಟು ಸಲ ಹೇಳಿಕೊಳ್ಳುವ ಅಗತ್ಯ ಏನಿತ್ತೋ.

ಮೂರು ವಾರವಾಗಿರಬೇಕು. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಮನೆಗೆ ಬಂದರೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ವಿಧವೆ, ಮೂವತ್ತೈದರ ಆಸುಪಾಸು. ಹೆಂಡತಿ ಕೊಟ್ಟ ನೀರಿನ ಚರಿಗೆಯನ್ನು ಕುಡಿಯದೆ ಕೈಯಲ್ಲೇ ಹಿಡಿದಿದ್ದಳು.

"ಹಡಗದ ಬುಕ್ಕಿನ ಮಾಸ್ತರ್ರು ನೀವ ಏನ್ರಿ? ನನ್ನ ಬಾವಿ ಹೊಂಟೈತ್ರಿ."

"ಬಾವಿ ಎಲ್ಲಿಗೆ ಹೋಗತೈತಿ?" ಎಂದೆ, ಮಂಕನಂತೆ.

"ಬಾವಿ ಅಲ್ಲೇ ಇರತೈತ್ರಿ. ನಾ ಗಡಿ ಹೊರಗ ಬೀಳತೇನಿ."

ಅವಳು ಹೇಳಿದ್ದು ಇಷ್ಟು. ಅವಳ ಮಾವ ಸಾಯುವ ಮುಂಚೆ ಹೊಲವನ್ನು ಇಬ್ಬರು ಮಕ್ಕಳಿಗೆ ಬಾಯಿಮಾತಿನಲ್ಲೇ ಪಾಲು ಮಾಡಿಕೊಟ್ಟಿದ್ದ. ಸರಕಾರದ ನಕ್ಷೆಯಲ್ಲಿ ಅದಿಲ್ಲ. ಬಾವಿ ಇವಳ ಗಂಡನ ಪಾಲಿನೊಳಗೆ ಬಂದಿತ್ತು. ಗಂಡ ಸತ್ತ ಮೇಲೆ ಮೈದುನ ಗಡಿಗಲ್ಲುಗಳನ್ನು ಕಿತ್ತು ಬಾವಿಯ ಈಚೆ, ಬಾವಿ ತನ್ನ ಕಡೆ ಸೇರುವಂತೆ, ನೆಟ್ಟುಕೊಂಡಿದ್ದ. ಅಂದು ಕಲ್ಲು ನೆಟ್ಟವರಲ್ಲಿ ಈಗ ಬದುಕಿದ್ದವನು ಮುತ್ಯಾ ಒಬ್ಬನೇ.

ಗಡಿ ನಡೆಯುವ ರೀತಿಯೊಂದು ಆ ಊರಲ್ಲಿತ್ತು. ಕಲ್ಲು ನೆಡುವಾಗ ಅದರ ಕೆಳಗೆ ಹಿರಿಯರು ಏನಾದರೊಂದು ಗುರುತು ಹೂಳುತ್ತಾರೆ. ಜಗಳ ಬಂದರೆ, ಹೂಳಿದವನು ಮಿಂದು, ಕಂಬಳಿ ಹೊದ್ದು, ಆ ಹೊಲದ ಮಣ್ಣನ್ನು ತಲೆಯ ಮೇಲಿಟ್ಟುಕೊಂಡು ತುಟಿ ಬಿಚ್ಚದೆ ನಡೆಯುತ್ತಾನೆ. ಅವನು ನಿಂತಲ್ಲಿ ಅಗೆಯುತ್ತಾರೆ. ಮೊದಲೇ ಜಾಗ ಹೇಳುವಂತಿಲ್ಲ. ಹೇಳಿದರೆ ಯಾರಾದರೂ ಗುರುತು ಕಿತ್ತಾರು. ಸುಳ್ಳುಗಾರ ಮಣ್ಣು ಹೊತ್ತರೆ ಊರಿಗೇ ಕೇಡು ಎಂಬ ನಂಬಿಕೆ.

"ಹಡಗದ ಸುಳ್ಳ ಹೇಳಿದಾಂವ ಗಡಿ ಸುಳ್ಳ ಹೇಳಂಗಿಲ್ಲೇನು ಅಂದಾನ್ರಿ ನನ್ನ ಮೈದುನ, ಹಿರ್ಯಾರ ಮುಂದ. ಅವರೂ ಹೌದಂದ್ರು. ಮುತ್ಯಾಗ ಮಣ್ಣ ಹೊರಸಂಗಿಲ್ಲಂತ. ಸ್ವಾಮಾರ ದಿವಸ ಕೂಡತಾರ. ಆವತ್ತ ಅಂವ ನಡೀಲಿಲ್ಲಂದ್ರ ಈಗಿನ ಕಲ್ಲ ಕಾಯಂ."

"ಮೈದುನ ಅಂದ್ರ... ದಪ್ಪ ಮೀಸಿ?"

"ಹೂನ್ರಿ. ನಿಮ್ಮ ಬುಕ್ಕ ನೋಡಿ ಬಾಳ ನಕ್ಕಿದ್ದನಂತ."

"ನಾ ಹಡಗದ ಮಾತ ಹೇಳೇನಬೇ ಯವ್ವಾ, ಹೊಲದ ಮಾತ ಹೇಳಿಲ್ಲ," ಎಂದೆ. ಎಷ್ಟು ಸರಿಯಾದ ಮಾತು, ಎಷ್ಟು ನಿರುಪಯೋಗಿ. ಅವಳು ಚರಿಗೆಯನ್ನು ಹೊಸ್ತಿಲ ಮೇಲಿಟ್ಟು ಹೋದಳು. ನೀರು ಹಾಗೇ ಇತ್ತು.

ಹೆಂಡತಿ ಆ ಚರಿಗೆಯನ್ನು ಎತ್ತಿಕೊಳ್ಳುತ್ತ ಅಂದಳು: "ಶೇಂಗಾದ ಹಾಳಿ ತಂದು ಮಂದಿ ಬಾವಿ ಮುಚ್ಚಿದ್ರಿ ನೋಡ್ರಿ."

ಆ ಸಂಜೆ ನಾನು ಮೂರು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಮೂರು ಸಲ ಮರಳಿ ಬಂದೆ. ಹೋಗಿ ಏನು ಹೇಳುವುದು? ಪುಸ್ತಕ ಸುಳ್ಳು ಎನ್ನಲೆ? ಪುಸ್ತಕ ಸುಳ್ಳಾಗಿರಲಿಲ್ಲವಲ್ಲ. ಮುದುಕನ ಕೊಳವೆ ಹೇಗಿದ್ದರೂ ಗಡಿ ಸರಿ ಇರಬಹುದು ಎನ್ನಲೆ? ಅದನ್ನು ಗಣಿತದ ಮಾಸ್ತರನಿಂದ ಯಾರು ಕೇಳುತ್ತಾರೆ? ರವಿವಾರ ಬೆಳಗ್ಗೆ ಧೈರ್ಯ ಪೂರ್ತಿ ಸೋರಿಹೋಗಿ, ಮುದ್ದೇಬಿಹಾಳದಲ್ಲಿದ್ದ ತಂಗಿಯ ಮನೆಗೆ ಹೊರಟುಬಿಟ್ಟೆ. ಸೋಮವಾರ ಸಿಂದಗಿಯಲ್ಲಿ ಇಲ್ಲದಿದ್ದರೆ ಸೋಮವಾರದ ಪಾಪವೂ ತಟ್ಟಲಿಕ್ಕಿಲ್ಲ ಎಂಬುದು ಲೆಕ್ಕ. ಪುಸ್ತಕವನ್ನು ಜೊತೆಗೇ ಒಯ್ದೆ. ಮನೆಯಲ್ಲಿ ಬಿಟ್ಟರೆ ಒಲೆಗೆ ಹೋಗುವ ಲಕ್ಷಣ ಹೆಂಡತಿಯ ಮುಖದಲ್ಲಿತ್ತು.

ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಬೇಕು. ಮುದ್ದೇಬಿಹಾಳದ ಗಾಡಿ ತಡ. ಕಲ್ಲುಬೆಂಚಿನ ಮೇಲೆ ಕೂತೆ, ಎದ್ದೆ, ಕಂಟ್ರೋಲರನನ್ನು ಕೇಳಿದೆ, ಮತ್ತೆ ಕೂತೆ. ಕೈ ಸುಮ್ಮನಿರಲಾರದೆ ಪುಸ್ತಕ ತೆರೆದು ಒಂದೊಂದೇ ಹಾಳೆ ಎತ್ತಿ ಹಿಡಿಯುತ್ತಿತ್ತು. ಹನ್ನೊಂದರ ಬಿಸಿಲು. ಹುಳ ಕೊರೆದ ತೂತಿನಿಂದ ಬಿಸಿಲಿನ ಒಂದು ಜೋಳದಕಾಳು ಕೆಳಗಿನ ಹಾಳೆಯ ಮೇಲೆ ಬೀಳುತ್ತಿತ್ತು. ಹಾಳೆ ತಿರುವಿದಂತೆಲ್ಲ ಆ ಕಾಳು ಕೂದಲೆಳೆಯಷ್ಟು ಮೇಲೆ ಸರಿಯುತ್ತ, ಮುಂದಿನ ಹಾಳೆಯ ತೂತನ್ನು ಹುಡುಕಿಕೊಂಡು ಹೊಗುತ್ತಿತ್ತು. ಅದನ್ನೇ ನೋಡುತ್ತ ಕೂತೆ. ಬೇರೆ ಯೋಚನೆಗಿಂತ ಅದು ವಾಸಿ. ಓಷನ್ ಎಂಬ ಹೆಸರಿನ ಪುಟ ಬಂತು. ಅದರ ಮುಂದಿನ ಹಾಳೆಯ ಮೇಲೆ ಬಿದ್ದ ಕಾಳು ಅಲ್ಲೇ ನಿಂತುಬಿಟ್ಟಿತು. ಆ ಹಾಳೆಯ ತೂತು ಒಂದು ಬೆರಳು ಕೆಳಗಿತ್ತು.

ಎರಡೂ ತೂತುಗಳಿಗೆ ಬೆರಳಿಟ್ಟು ನೋಡಿದೆ. ಹುಳ ಯಾವತ್ತೂ ಹಾರಿ ಕೊರೆಯುವುದಿಲ್ಲ. ಆ ಹಾಳೆ ಅಲ್ಲಿಯದಲ್ಲ. ಹೆಸರಿನ ಪುಟವನ್ನು ಯಾರದೋ ಶೇಂಗಾಕ್ಕೆ ಕೊಟ್ಟು ಅನಾಥವಾದ ಇನ್ನಾವುದೋ ಹಡಗಿನ ಚಿತ್ರ ಅದು. ದೊಡ್ಡದಾಗಿ ಚೆಂದ ಕಂಡಿತೆಂದು ಓಷನ್ ಪಕ್ಕ ಕೂರಿಸಿದವನು ನಾನೇ. ಕೊನೆಯಲ್ಲಿ ಹೊಲಿದ ಅನಾಥ ಹಾಳೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದೆ. ಮೂರನೆಯದರ ತೂತು ಸರಿಯಾಗಿ ಆ ಎತ್ತರದಲ್ಲಿತ್ತು. ಚಿತ್ರದಲ್ಲಿ ಎರಡು ಹೊಗೆಕೊಳವೆ, ಒಂದರ ಹಿಂದೊಂದು. ಚರಿತ್ರೆಯಲ್ಲಿ ಹಿಂದೂಸ್ಥಾನದ ದಂಡನ್ನು ಬಸ್ರಾದ ಕಡೆಗೆ, ಪರ್ಶಿಯಾದ ಕೊಲ್ಲಿಗೆ, ಕಾವಲಿದ್ದು ಕರೆದೊಯ್ದ ಸಂಗತಿ.

"ಏ ಸರ, ಮುದ್ದೇಬಿಹಾಳ ಬಂತ್ರಿ, ಹತ್ರಿ!" ಎಂದು ಕಂಟ್ರೋಲರ ಕೂಗಿದ.

"ಸಿಂದಗಿದು ಯಾವಾಗ ಐತಿ?" ಎಂದೆ.

"ಅಲ್ಲಿಂದನ ಬಂದ್ರೆಲ್ರಿ ಈಗ!"

ಸೋಮವಾರ ಹೊಟ್ಟೆನೋವೆಂದು ರಜೆ ಚೀಟಿ ಬರೆದೆ. ಅದನ್ನು ಡ್ರಿಲ್ ಮಾಸ್ತರರ ಕೈಗೆ ಕೊಡಹೋದರೆ ಅವರೂ ರಜೆ ಹಾಕಿ ತಮ್ಮೂರಿಗೆ ಹೊರಟಿದ್ದರು, ಜೊತೆಗೇ ಹೋದೆವು. ಸೋಮವಾರ ಎತ್ತು ಹೂಡುವುದಿಲ್ಲವಾಗಿ ಊರ ಗಂಡಸರೆಲ್ಲ ಗುಡಿಯ ಕಟ್ಟೆಯ ಮೇಲೆ ಸೇರಿದ್ದರು. ಮುತ್ಯಾ ದೂರ ಬೇವಿನ ಬುಡದಲ್ಲಿ, ವಿಧವೆ ಅವನ ಹಿಂದೆ. ನಾನು ಮುಂದೆ ಹೋಗಿ ನಿಂತೆ. ರಾತ್ರಿಯೆಲ್ಲ ತಯಾರು ಮಾಡಿದ್ದ ಭಾಷಣ ಬಿಟ್ಟು ಪುಸ್ತಕ ಬಿಚ್ಚಿದೆ.

"ತಪ್ಪು ನಂದ್ರಿ," ಎಂದೆ. "ಹಾಳಿ ನಾನ ತಪ್ಪು ಹೊಲದೇನಿ."

"ಈಗ ಹಿಂಗಂತಾರ!" ಎಂದ ದಪ್ಪ ಮೀಸೆ. "ಆಕಿ ಬಂದು ಕಣ್ಣೀರ ಹಾಕಿದ್ದಕ್ಕ ಬುಕ್ಕ ಬದಲಿ ಆತೇನು?"

ಜೇಬಿನಿಂದ ದಬ್ಬಣ ತೆಗೆದೆ. ಹುಳದ ತೂತು ತೋರಿಸಿ, ಓರೆಯಾಗಿ ಚುಚ್ಚುತ್ತ ಬಂದೆ. ಓಷನ್ ಹೆಸರಿನ ಪುಟದತನಕ ಸರಾಗವಾಗಿ ಬಂದ ದಬ್ಬಣ ಮುಂದಿನ ಹಾಳೆಗೆ ತಾಗಿ ನಿಂತಿತು. ನಾನೇ ಬೇಕೆಂದು ನಿಲ್ಲಿಸಿದೆನೆಂದು ಅವರಿಗೆ ಕಂಡಿರಬೇಕು. ಹಿರಿಯರಲ್ಲಿ ಒಬ್ಬರು, ಕಾಳಿನ ವ್ಯಾಪಾರ ಮಾಡುವ ಮುಸಲ್ಮಾನರು, ಬಿಳಿಗಡ್ಡ ನೀವಿಕೊಂಡು, "ಇಲ್ಲೆ ತರ್ರಿ ಮಾಸ್ತರ್ರ, ದಬ್ಬಣ ಹಿಡಿಯೂ ಕೈ ನಂದು," ಎಂದು ಇಸಿದುಕೊಂಡರು. ಅವರಿಗೂ ಅಲ್ಲೇ ನಿಂತಿತು. "ಹೌದಲೇ, ಇದು ಇಲ್ಲಿದಲ್ಲ," ಎಂದರು. ನಾನು ಹೊಲಿಗೆ ಹರಿದು ಆ ಹಾಳೆಯನ್ನು ಕಿತ್ತು, ಕೊನೆಯ ಹಾಳೆಯನ್ನು ತಂದು ಅಲ್ಲಿಟ್ಟೆ. ದಬ್ಬಣ ಒಳಹೊಕ್ಕು ಆಚೆ ರಟ್ಟಿನತನಕ ಹೋಯಿತು.

ಹಿರಿಯರು ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಚಿತ್ರ ಕೈಯಿಂದ ಕೈಗೆ ಹೋಯಿತು. "ಒಂದರ ಹಿಂದ ಒಂದು," ಎಂದು ಒಬ್ಬ. "ಸಂತಿ ಗಾಡಿ ಹಂಗ," ಎಂದು ಇನ್ನೊಬ್ಬ.

"ಹುಳದ ಸಾಕ್ಷಿ ಹಿಡದು ಹೊಲ ಕೊಡತೀರೇನು?" ಎಂದ ಮೀಸೆ.

"ಹುಳದ ಸಾಕ್ಷಿ ಹಡಗಕ್ಕ," ಎಂದರು ಬಿಳಿಗಡ್ಡದವರು. "ಹೊಲಕ್ಕ ಮುತ್ಯಾ ಅದಾನ. ಏಳೋ ಮುತ್ಯಾ, ಮಿಂದು ಬಾ."

ಚಿತ್ರವನ್ನು ಮುತ್ಯಾನ ಮುಂದೆ ಹಿಡಿದೆ. ಅವನು ನೋಡಲೇ ಇಲ್ಲ. "ನಾ ನೋಡೇನಿ. ನೀ ನೋಡು," ಎಂದ. ಎರಡು ಹೆಜ್ಜೆ ನಡೆದು ತಿರುಗಿ, ಎಲ್ಲರಿಗೂ ಕೇಳುವಂತೆ, "ಹುಳಕ್ಕ ಇದ್ದ ನಿಯತ್ತು ಮಾಸ್ತರಗ ಇರಲಿಲ್ಲ ನೋಡ್ರಿ," ಎಂದ. ಊರು ಮತ್ತೆ ನಕ್ಕಿತು. ಈ ಸಲ ನಗೆ ನನ್ನ ಪಾಲಿಗೆ ಬಂದಿತ್ತು, ಹೊತ್ತುಕೊಂಡೆ.

ತಲೆಯ ಮೇಲೆ ಎರೆಮಣ್ಣಿನ ಹೆಂಟೆ ಇಟ್ಟುಕೊಂಡು ಮುತ್ಯಾ ಹೊಲದಲ್ಲಿ ನಡೆದ. ಕಾಲು ತಡವರಿಸುತ್ತಿತ್ತು. ಬಿದ್ದಾನೆಂದು, ಮಣ್ಣು ಚೆಲ್ಲೀತೆಂದು, ನಾನು ಓಡಿಹೋಗಿ ಪಕ್ಕದಲ್ಲಿ ನಡೆಯತೊಡಗಿದೆ. ಅವನು ಮಾತಾಡುವಂತಿರಲಿಲ್ಲ. ಕೈ ಮಾತ್ರ ಹಿಂದಕ್ಕೆ ಚಾಚಿ ಬೆರಳು ತೋರಿಸಿದ: ಬಾಜೂಕ ಅಲ್ಲ, ಹಿಂದೆ. ನಾನು ಹಿಂದಾದೆ. ಒಬ್ಬರ ಹಿಂದೊಬ್ಬರು ಹೋದೆವು. ಮೈದುನ ನೆಟ್ಟ ಕಲ್ಲುಗಳನ್ನು ದಾಟಿ, ಬಾವಿಯನ್ನು ಬಲಕ್ಕೆ ಬಿಟ್ಟು, ಅದರಾಚೆ ಹದಿನೈದಿಪ್ಪತ್ತು ಹೆಜ್ಜೆ ಹೋಗಿ ಅವನು ನಿಂತ.

ಅಗೆದರು. ಒಂದು ಮೊಳ, ಏನೂ ಇಲ್ಲ. ವಿಧವೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಇನ್ನೊಂದು ಗೇಣು ಅಗೆದಾಗ ಗುದ್ದಲಿಯ ಸದ್ದು ಬದಲಾಯಿತು. ಮಡಕೆಯ ಚೂರು, ಅದರ ಕೆಳಗೆ ತೆಂಗಿನಕಾಯಿಯಷ್ಟು ದೊಡ್ಡ ಕರಿಯ ಗಡ್ಡೆ. ಒರೆಸಿದರೆ ಹೊಳೆಯಿತು. ಕಲ್ಲಿದ್ದಲು.

ಮುತ್ಯಾ ಮಣ್ಣು ಇಳಿಸಿದ. "ಈ ನೆಲದಾಗ ಹುಟ್ಟಲಾರದ್ದು ಇಡಬೇಕು, ಅಂದ್ರ ಯಾರೂ ತಂದು ಇಡಾಕ ಆಗಂಗಿಲ್ಲಂತ ಈಕಿ ಮಾವ ಅಂದಿದ್ದ," ಎಂದ ವಿಧವೆಯ ಕಡೆ ಕೈ ಮಾಡಿ. "ಬಸ್ರಾದಿಂದ ತಂದಿದ್ದೆ. ಮನ್ಯಾಗ ಸುಮ್ಮನ ಬಿದ್ದಿತ್ತು."

ಮೈದುನ ಗುಂಡಿಯೊಳಗೆ ನೋಡುತ್ತ ನಿಂತವನು, ಹಿರಿಯರು ಕೇಳುವ ಮೊದಲೇ ಒಂದು ಕಲ್ಲನ್ನು ತಾನೇ ಹೊತ್ತು ತಂದು ಅಲ್ಲಿ ಇಳಿಸಿದ. ವಿಧವೆ ಬಾವಿಯಿಂದ ಒಂದು ಕೊಡ ಸೇದಿ ಮುತ್ಯಾನ ಕಾಲಿಗೆ ಸುರಿದಳು. ಆಮೇಲೆ ನನ್ನ ಮುಂದೊಂದು ತುಂಬಿದ ಚರಿಗೆ ಇಟ್ಟಳು. ಕುಡಿದೆ.

ಬಾವಿಯ ಕಟ್ಟೆಯ ಮೇಲೆ ಕೂತು ಮುತ್ಯಾ ಕೇಳಿದ: "ಅಲ್ಲೋ ಮಾಸ್ತರ, ಆ ಹಡಗ ಈಗ ಎಲ್ಲೈತಿ?"

"ನೀವು ನೋಡಿದ ಮರುವರ್ಷನ ಮುಳುಗಿತ್ರಿ ಮುತ್ಯಾ. ತುರ್ಕರ ನೀರಾಗ. ಪೆಟ್ಟು ತಿಂದ ಇನ್ನೊಂದು ಹಡಗಕ್ಕ ಆಸರ ಆಗಾಕ ಹೋಗಿತ್ತು."

ಅರವತ್ತು ವರ್ಷ ಅವನ ತಲೆಯಲ್ಲಿ ಅದು ತೇಲುತ್ತಲೇ ಇತ್ತೆಂದು ಕಾಣುತ್ತದೆ. ಬಾವಿಯೊಳಗೆ ಬಗ್ಗಿ ನೀರು ನೋಡಿದ. "ಹಲ್ಲ ಕಿಸದಿದ್ದನಲ್ಲ, ಆ ಹುಡುಗ?"

"ಬಾಳ ಮಂದಿನ ಸಣ್ಣ ಹಡಗದವರು ಎತ್ತಿಕೊಂಡ್ರಂತ ಬರದಾರ್ರಿ," ಎಂದೆ. ಪುಸ್ತಕದಲ್ಲಿ ಇದ್ದದ್ದು ಅಷ್ಟೇ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಆ ಹುಡುಗನೂ ಉಳದಾನ್ರಿ," ಎಂದು ಸೇರಿಸಿದೆ.

ಸಿಂದಗಿಯ ಬಸ್ಸು ಅರ್ಧದಾರಿ ಬಂದಿರಬೇಕು. ಆಗ ಹೊಳೆಯಿತು. ಇಂಡಿ ರೋಡ್ ಸ್ಟೇಶನ್ನಿನಲ್ಲಿ ಉಗಿಬಂಡಿಗಳು ನಿಲ್ಲುವಲ್ಲಿ ಅಂಥ ಕಲ್ಲಿದ್ದಲಿನ ಗಡ್ಡೆಗಳು ಬೇಕಾದಷ್ಟು ಬಿದ್ದಿರುತ್ತಿದ್ದವು. ನಾನೇ ನೋಡಿದ್ದೆ. ಬಸ್ರಾದಿಂದ ತೆಂಗಿನಕಾಯಿ ಗಾತ್ರದ ಇದ್ದಲನ್ನು ಯಾವ ಮನುಷ್ಯ ಹೊತ್ತು ತರುತ್ತಾನೆ? ಗಡಿ ನಿಜ, ಗುಂಡಿ ನಿಜ, ಮೈದುನ ತಾನೇ ಕಲ್ಲು ಹೊತ್ತದ್ದೂ ನಿಜ. ಆದರೆ ಇದ್ದಲು? ಸೀಟಿನಲ್ಲಿ ಆ ಕಡೆ ಈ ಕಡೆ ಹೊರಳಾಡಿದೆ. ಪಕ್ಕದಲ್ಲಿ ಕೂತಿದ್ದ ಡ್ರಿಲ್ ಮಾಸ್ತರು, "ಏನಾತ್ರಿ ಸರ? ಹೊಟ್ಟಿ ಮತ್ತ ನೋಯಾಕತ್ತೈತೇನು?" ಎಂದರು.

"ಇಲ್ರಿ," ಎಂದೆ. ಅವರ ಕೈಯಲ್ಲಿದ್ದ ಪೊಟ್ಟಣದಿಂದ ಒಂದು ಹಿಡಿ ಶೇಂಗಾ ತೆಗೆದು ಬಾಯಿ ತುಂಬಿಕೊಂಡೆ, ಈ ಸಲ ಮಾತು ಹೊರಬೀಳದಂತೆ, ಸಿಂದಗಿ ಬರುವತನಕ.